ಚತುರಂಗ ಬಲದಲ್ಲಿ ಕಾಲಾಳಿನ ಸ್ಥಾನ

ಯುದ್ಧವನ್ನು ಆಟವಾಗಿ ಆಡುವುದು ಹೊಸ ಕಾಲದ ಹುಚ್ಚೆಂದು ನಮ್ಮಲ್ಲಿ ಹಲವರ ಭಾವನೆ. ಕಂಪ್ಯೂಟರಿನ ಮುಂದೆ ಕುಳಿತು ಆನೆ ಕುದುರೆಗಳನ್ನು ಓಡಿಸುವ ವಿದ್ಯಾರ್ಥಿಯನ್ನು ಕಂಡರೆ ಹಿರಿಯರು ‘ಇದು ಕಾಲಹರಣ’ ಎನ್ನುತ್ತಾರೆ. ಆಡುವವರು ‘ಇದರಿಂದ ಬುದ್ಧಿ ಚುರುಕಾಗುತ್ತದೆ’ ಎಂದು ಉತ್ತರ ಕೊಡುತ್ತಾರೆ. ಈ ವಾದವು ನಮ್ಮ ಕಾಲೇಜಿನ ಆವರಣದಲ್ಲಿಯೂ ನಡೆಯುವುದುಂಟು. ಎರಡು ಪಕ್ಷದವರೂ ಕೇಳದೆ ಬಿಟ್ಟಿರುವ ಪ್ರಶ್ನೆಯೊಂದನ್ನು ವಿದ್ಯಾರ್ಥಿಮಿತ್ರರ ಮತ್ತು ಗುರುಗಳ ಮುಂದೆ ಇಡಬಯಸುತ್ತೇನೆ. ಇಂಥ ಆಟಗಳು ಸೈನ್ಯದ ಒಂದೊಂದು ಅಂಗಕ್ಕೂ ಒಂದೊಂದು ಬೆಲೆಯನ್ನು ಕಟ್ಟುತ್ತವೆ. ಆ ಬೆಲೆಯನ್ನು ಕಟ್ಟಿದ ರೀತಿ ಸರಿಯೆ? ಮುಖ್ಯವಾಗಿ, ಕಾಲಾಳಿಗೆ ಕಟ್ಟಿದ ಬೆಲೆ ನ್ಯಾಯವಾದದ್ದೆ?

ಶಿಕಾರಿಪುರ, ಸೊರಬ ಸೀಮೆಯವರಾದ ನಮಗೆ ಈ ಪ್ರಶ್ನೆಯನ್ನು ಕೇಳುವ ಹಕ್ಕು ವಿಶೇಷವಾಗಿ ಉಂಟೆಂದು ನನ್ನ ಎಣಿಕೆ. ಬಳ್ಳಿಗಾವಿಯು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರದ ರಾಜಧಾನಿಯಾಗಿದ್ದ ಊರು. 1047ರಲ್ಲಿ ಚಾಮುಂಡರಾಯನು ನಿಲ್ಲಿಸಿದ ಗಂಡಭೇರುಂಡ ಸ್ತಂಭ ಇಂದಿಗೂ ಅಲ್ಲಿ ನಿಂತಿದೆ. ಅದೇ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಆನೆಗಳನ್ನು ಹಿಡಿದು ಪಳಗಿಸುವ ಕ್ರಮವನ್ನೂ ಹೇಳಿದ್ದಾನೆ, ಅರಸನ ವಿನೋದಗಳ ಸಾಲಿನಲ್ಲಿ ಚತುರಂಗದ ಆಟವನ್ನೂ ವಿವರಿಸಿದ್ದಾನೆ. ಯುದ್ಧವನ್ನೂ ಯುದ್ಧದ ಆಟವನ್ನೂ ಒಂದೇ ಗ್ರಂಥದಲ್ಲಿ ಇಟ್ಟ ಅರಸನ ರಾಜ್ಯದಲ್ಲಿ ನಮ್ಮ ಊರುಗಳು ಸೇರಿದ್ದವು. ಆದುದರಿಂದ ಈ ವಿಷಯ ನಮಗೆ ಪರಕೀಯವೇನೂ ಅಲ್ಲ.

ನಮ್ಮ ಹಿಂದಿನವರ ಲೆಕ್ಕವನ್ನು ಮೊದಲು ನೋಡೋಣ. ಮಹಾಭಾರತದ ಪ್ರಕಾರ ಒಂದು ಅಕ್ಷೌಹಿಣಿಯಲ್ಲಿ 21,870 ರಥಗಳು, ಅಷ್ಟೇ ಆನೆಗಳು, 65,610 ಕುದುರೆಗಳು, 1,09,350 ಕಾಲಾಳುಗಳು. ಅಂದರೆ ಒಂದು ರಥ, ಒಂದು ಆನೆಗೆ ಮೂರು ಕುದುರೆ, ಐದು ಕಾಲಾಳು. ಇಷ್ಟು ದೊಡ್ಡ ಸೈನ್ಯ ನಿಜವಾಗಿ ಇತ್ತೆ ಎಂಬ ಪ್ರಶ್ನೆಯನ್ನು ಬಿಟ್ಟುಬಿಡಿ. ಸೈನ್ಯವೆಂದರೆ ಒಂದು ಪ್ರಮಾಣಬದ್ಧವಾದ ಕಟ್ಟಡವೆಂಬ ಕಲ್ಪನೆ ಅಲ್ಲಿದೆ. ಕೌಟಿಲ್ಯನು ಇನ್ನೂ ವ್ಯವಹಾರಜ್ಞ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ, 1909ರಲ್ಲಿ ಅಚ್ಚಾಗಿ ಲೋಕಕ್ಕೆ ತಿಳಿದ ಆತನ ಅರ್ಥಶಾಸ್ತ್ರದಲ್ಲಿ ಒಂದು ಕುದುರೆಯನ್ನು ಎದುರಿಸಲು ಮೂವರು ಕಾಲಾಳುಗಳು, ಒಂದು ಆನೆ ಅಥವಾ ರಥವನ್ನು ಎದುರಿಸಲು ಹದಿನೈದು ಮಂದಿ ಕಾಲಾಳುಗಳೂ ಐದು ಕುದುರೆಗಳೂ ಎಂಬ ಲೆಕ್ಕವಿದೆ. ಕೌತುಕದ ಸಂಗತಿಯೆಂದರೆ, ಇಂದಿನ ಚದುರಂಗದ ಕೈಪಿಡಿಗಳು ಕೂಡ ಕುದುರೆಗೆ ಮೂರು ಕಾಲಾಳುಗಳ ಬೆಲೆಯನ್ನೇ ಕೊಡುತ್ತವೆ. ನಾವು ಆನೆಯೆಂದು ಕರೆಯುವ ಮೂಲೆಯ ಕಾಯಿಗೆ ಐದು. ಇದು ಆಕಸ್ಮಿಕವೇ ಇರಬಹುದು. ಆದರೆ ಇಷ್ಟು ನಿಜ: ಕೌಟಿಲ್ಯನ ಆನೆ ಒಂಟಿಯಾಗಿ ಹೋಗುವುದಿಲ್ಲ. ಅದರ ಕಾಲ ಬಳಿ ಕಾವಲಿಗೆಂದು ಅಷ್ಟೇ ಮಂದಿ ಪಾದಗೋಪರನ್ನು ಇರಿಸಬೇಕೆಂದು ಆತ ವಿಧಿಸುತ್ತಾನೆ. ಮೇಲೆ ಕುಳಿತವನ ಪರಾಕ್ರಮ ಕೆಳಗೆ ನಡೆಯುವವರ ಮೇಲೆ ನಿಂತಿದೆ ಎಂಬುದನ್ನು ಆತ ಮರೆತಿರಲಿಲ್ಲ.

ಈಗ ಇಂದಿನ ಆಟಕ್ಕೆ ಬರೋಣ. 1999ರಲ್ಲಿ ಹೊರಬಂದು ಇಂದಿಗೂ ಲೋಕವೆಲ್ಲ ಆಡುತ್ತಿರುವ ‘ಏಜ್ ಆಫ್ ಎಂಪೈರ್ಸ್’ ಎರಡನೆಯ ಭಾಗವನ್ನು ನಮ್ಮಲ್ಲಿ ಹಲವರು ಬಲ್ಲರು. 2022ರಲ್ಲಿ ಅದಕ್ಕೆ ಭಾರತದ ರಾಜವಂಶಗಳ ಒಂದು ಅಧ್ಯಾಯವನ್ನೇ ಸೇರಿಸಿದರು. ದ್ರಾವಿಡರು, ಬಂಗಾಳಿಗಳು, ಗುರ್ಜರರು ಎಂಬ ಪಕ್ಷಗಳು ಬಂದುವು. ಆಟದ ಸಮತೋಲನವನ್ನು ಬಹಳ ಜಾಣತನದಿಂದ ಮಾಡಿದ್ದಾರೆಂದು ಒಪ್ಪಲೇಬೇಕು. ಭರ್ಜಿ ಹಿಡಿದ ಕಾಲಾಳು ಕುದುರೆಯನ್ನೂ ಆನೆಯನ್ನೂ ಕೆಡಹುತ್ತಾನೆ. ಬಿಲ್ಲಾಳು ಭರ್ಜಿಯವನನ್ನು ದೂರದಿಂದಲೇ ಮುಗಿಸುತ್ತಾನೆ. ಬಿಲ್ಲಾಳಿನ ಮೇಲೆ ಕುದುರೆ ನುಗ್ಗುತ್ತದೆ. ಯಾವುದೊಂದು ಅಂಗವೂ ಎಲ್ಲವನ್ನೂ ಗೆಲ್ಲಲಾರದು. ಆನೆಯನ್ನು ಕಂಡು ಹೆದರಿ ಸೋಲುವವನಿಗೆ ಆಟವೇ ಉಪಾಯವನ್ನು ಕಲಿಸುತ್ತದೆ. ಇದಿಷ್ಟೂ ಕೌಟಿಲ್ಯನಿಗೂ ಸಮ್ಮತವಾಗಬಹುದಾದ ಪಾಠ.

ಆದರೆ ನನ್ನ ಆಕ್ಷೇಪಣೆ ಬೇರೆ ಕಡೆ ಇದೆ. ಆ ಆಟದಲ್ಲಿ ಸಾಮಾನ್ಯವಾಗಿ 200 ಜನರ ಮಿತಿ. ಅದರಲ್ಲಿ ಒಂದು ಆನೆಗೂ ಒಬ್ಬನ ಜಾಗ, ಒಬ್ಬ ಕಾಲಾಳಿಗೂ ಒಬ್ಬನ ಜಾಗ. ಹೀಗಿರಲು, ಬೊಕ್ಕಸದಲ್ಲಿ ಚಿನ್ನವಿರುವ ಆಟಗಾರನು ಕಾಲಾಳನ್ನು ಏಕೆ ಇಟ್ಟುಕೊಂಡಾನು? ಚಿನ್ನ ಮುಗಿದ ಮೇಲೆ, ಬರಿಯ ಅನ್ನಕ್ಕೂ ಮರಕ್ಕೂ ಸಿಗುವ ಭರ್ಜಿಯವನನ್ನು ಕರೆಯುತ್ತಾರೆ. ಇಂಥ ಸೈನಿಕರಿಗೆ ಆಟಗಾರರ ನಡುವೆ ರೂಢಿಯಾಗಿರುವ ಹೆಸರು ‘ಟ್ರ್ಯಾಶ್’. ಕನ್ನಡದಲ್ಲಿ ಹೇಳುವುದಾದರೆ ಕಸ. ಅವರು ಸತ್ತರೆ ಜಾಗ ತೆರವಾಗುತ್ತದೆ, ಗುಂಡಿಯೊತ್ತಿದರೆ ಮತ್ತೊಬ್ಬ ಬರುತ್ತಾನೆ. ಅದಕ್ಕೆ ಯಾರಿಗೂ ಏನನ್ನೂ ಕೊಡಬೇಕಾಗಿಲ್ಲ.

ಕಳೆದ ರಜೆಯಲ್ಲಿ ಸ್ನೇಹಿತನೊಬ್ಬನ ಲ್ಯಾಪ್‌ಟಾಪಿನಲ್ಲಿ ನಾವು ಆಡುತ್ತಿದ್ದುದನ್ನು ಗದ್ದೆಯಿಂದ ಬಂದ ನಮ್ಮ ತಂದೆಯವರು ಸ್ವಲ್ಪ ಹೊತ್ತು ನಿಂತು ನೋಡಿದರು. ‘ಅಷ್ಟ್ ಆನೆ ಕಟ್ಕಂಡಿದೀರಲ್ಲ, ಅವ್ಕೆ ಮೇವು ಯಾರೋ ಹಾಕ್ತಾರೆ?’ ಎಂದು ಕೇಳಿ ಕೈಕಾಲು ತೊಳೆಯಲು ಹೋದರು. ನಮ್ಮ ಬಳಿ ಉತ್ತರವಿರಲಿಲ್ಲ. ಆಟದಲ್ಲಿ ಆನೆಗೆ ಒಮ್ಮೆ ಬೆಲೆ ಕೊಟ್ಟರೆ ಮುಗಿಯಿತು. ಆಮೇಲೆ ಅದು ತಿನ್ನುವುದೇ ಇಲ್ಲ. ನಿಜವಾದ ಆನೆಗೆ ದಿನಕ್ಕೆ ನೂರು ಕಿಲೋಗೂ ಮಿಕ್ಕ ಮೇವು ಬೇಕೆಂಬುದನ್ನು ಶಿವಮೊಗ್ಗದ ಬಳಿಯ ಸಕ್ರೆಬೈಲಿನ ಬಿಡಾರವನ್ನು ನೋಡಿದವರೆಲ್ಲ ಬಲ್ಲರು. ನೂರು ಆನೆಗಳ ಸೈನ್ಯ ಒಂದು ಊರಿನ ಬಳಿ ಮೂರು ದಿನ ಬೀಡುಬಿಟ್ಟರೆ ಆ ಊರಿನ ಬಾಳೆ, ಕಬ್ಬು, ಹುಲ್ಲುಬಣವೆಗಳ ಗತಿ ಏನಾದೀತು? ‘ಟೋಟಲ್ ವಾರ್’ ಮುಂತಾದ ಬೇರೆ ಕೆಲವು ಆಟಗಳು ಸೈನ್ಯದ ನಿತ್ಯಖರ್ಚನ್ನು ಲೆಕ್ಕ ಹಿಡಿಯುವುದುಂಟು. ಆದರೆ ಅಲ್ಲಿಯೂ ಖರ್ಚು ಅರಸನ ಬೊಕ್ಕಸದ್ದೇ ಹೊರತು ರೈತನ ಬಣವೆಯದಲ್ಲ.

ನೆಲದ ಮಾತೂ ಹೀಗೆಯೇ. ಕ್ರಿ.ಪೂ. 326ರಲ್ಲಿ ಝೇಲಮ್ ನದಿಯ ತೀರದಲ್ಲಿ ಪೌರವನ ರಥಗಳು ಮಳೆಯ ಕೆಸರಿನಲ್ಲಿ ಹೂತುವು. ಗಾಯಗೊಂಡ ಆನೆಗಳು ಶತ್ರುವನ್ನು ತುಳಿದಂತೆ ತಮ್ಮವರನ್ನೂ ತುಳಿದುವೆಂದು ಗ್ರೀಕರ ಇತಿಹಾಸಕಾರರು ಬರೆದಿದ್ದಾರೆ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಬಳ್ಳಿಗಾವಿಗೆ ಸಮೀಪದ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದ ಮೇಲೆ ಕುಬ್ಜಕವಿಯು ರಚಿಸಿದ ಶಾಸನವಿದೆ. ವಿದ್ಯೆಗಾಗಿ ಕಂಚಿಯ ಘಟಿಕಾಸ್ಥಾನಕ್ಕೆ ಹೋದ ಮಯೂರಶರ್ಮನಿಗೆ ಅಲ್ಲಿ ಪಲ್ಲವರ ಅಶ್ವಾರೋಹಿಯ ನಿಮಿತ್ತವಾಗಿ ಕಲಹವುಂಟಾಯಿತು. ಅವನು ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದನು. ಆದರೆ ಬಯಲಿನಲ್ಲಿ ಪಲ್ಲವರ ದೊಡ್ಡ ಸೈನ್ಯಕ್ಕೆ ಎದೆಗೊಟ್ಟು ನಿಲ್ಲಲಿಲ್ಲ. ಗಡಿಯ ಕಾವಲಿನವರನ್ನು ಮುರಿದು, ಶ್ರೀಪರ್ವತದವರೆಗಿನ ದುರ್ಗಮವಾದ ಕಾಡನ್ನು ಸೇರಿ, ಬಾಣರಿಂದ ಕಪ್ಪ ವಸೂಲು ಮಾಡಿ, ತನ್ನನ್ನು ಹುಡುಕಿ ಬಂದ ಸೈನ್ಯದ ಮೇಲೆ ಸಮಯ ಸ್ಥಳ ನೋಡಿ ಎರಗಿದನು. ಕೊನೆಗೆ ಪಲ್ಲವರೇ ಅವನೊಡನೆ ಸ್ನೇಹ ಬೆಳೆಸಬೇಕಾಯಿತು. ಕನ್ನಡನಾಡಿನ ಮೊದಲ ರಾಜ್ಯಗಳಲ್ಲೊಂದು ಹುಟ್ಟಿದ್ದು ಆನೆಗಳ ಸಂಖ್ಯೆಯಿಂದಲ್ಲ, ಕಾಡನ್ನು ಬಲ್ಲ ಸಣ್ಣ ಪಡೆಯಿಂದ.

ಮಯೂರನೇನೋ ಅರಸನಾದನು, ಅವನ ಹೆಸರು ಉಳಿಯಿತು. ಅವನ ಜೊತೆ ಕಾಡಿನಲ್ಲಿ ನಡೆದವರ ಹೆಸರುಗಳೇನು? ಅವು ಶಾಸನದಲ್ಲಿ ಇಲ್ಲ. ಆದರೆ ಮುಂದಿನ ಶತಮಾನಗಳಲ್ಲಿ ನಮ್ಮ ಸೀಮೆಯ ಕಾಲಾಳು ತನ್ನ ಹೆಸರನ್ನು ಕಲ್ಲಿನ ಮೇಲೆ ಬರೆಯಿಸಿಕೊಂಡನು. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟವನ್ನು 1902ರಲ್ಲಿಯೂ ಎಂಟನೆಯದನ್ನು 1904ರಲ್ಲಿಯೂ ಪ್ರಕಟಿಸಿದರು, ಶಿಕಾರಿಪುರ ತಾಲ್ಲೂಕು ಮೊದಲನೆಯದರಲ್ಲಿ, ಸೊರಬ ಎರಡನೆಯದರಲ್ಲಿ ಬರುತ್ತದೆ. ಅವುಗಳಲ್ಲಿ ದಾನಶಾಸನಗಳ ನಡುವೆ ವೀರಗಲ್ಲುಗಳು ಸಾಲುಸಾಲಾಗಿ ಸಿಗುತ್ತವೆ. ಸಾಮ್ರಾಜ್ಯಗಳ ಯುದ್ಧದಲ್ಲಿ ಮಡಿದವರು ಅಲ್ಲಿದ್ದಾರೆ. ಆದರೆ ಊರಿನ ತುರುಗಳನ್ನು ಹೊಡೆದುಕೊಂಡು ಹೋದವರನ್ನು ಬೆನ್ನಟ್ಟಿ ಸತ್ತವರು, ಊರಳಿವಿನಲ್ಲಿ ಸತ್ತವರು, ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತವರು ಕೂಡ ಇದ್ದಾರೆ. ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಕೆಳಗಿನ ಪಟ್ಟಿಕೆಯಲ್ಲಿ ನಿಂತವನು ಬಹಳ ಸಲ ಬಿಲ್ಲು ಅಥವಾ ಕತ್ತಿ ಗುರಾಣಿ ಹಿಡಿದ ಬರಿಗಾಲಿನ ಆಳು. ಆಟಗಾರರು ಕಸವೆಂದು ಕರೆದವನು ಇವನೇ.

ಕಲ್ಲು ನೆಟ್ಟರೆ ಸಾಲದೆಂದು ಆ ಕಾಲದವರಿಗೆ ಗೊತ್ತಿತ್ತು. ಸತ್ತವನ ಮನೆಯವರಿಗೆ ಭೂಮಿ ಬಿಡುವ ಪದ್ಧತಿಯಿತ್ತು. ಅದನ್ನು ನೆತ್ತರುಗೊಡಗೆ ಎಂದೂ ಕಲ್ನಾಡು ಎಂದೂ ಶಾಸನಗಳು ಹೇಳುತ್ತವೆ. ನಾನು ಹಳೆಯ ಕಾಲವನ್ನು ಹೊಗಳಲು ಹೊರಟಿಲ್ಲ. ಕಲ್ಲು ಹಾಕಿಸುವಷ್ಟು ಶಕ್ತಿಯಿದ್ದ ಬಂಧುವೋ ಒಡೆಯನೋ ಇದ್ದವನಿಗೆ ಮಾತ್ರ ಕಲ್ಲು ಬಂದಿತು; ಸ್ವರ್ಗದ ಹೆಣ್ಣುಗಳ ಚಿತ್ರವನ್ನು ತೋರಿಸಿ ಬಡವರ ಮಕ್ಕಳನ್ನು ಸಾಯಲು ಕಳುಹಿಸಿದ್ದೂ ಇದ್ದೀತು. ಆದರೂ ಒಂದು ಮಾತು ಉಳಿಯುತ್ತದೆ. ಕಾಲಾಳು ಸತ್ತರೆ ಊರಿನ ಮೇಲೆ ಒಂದು ಋಣ ಬೀಳುತ್ತದೆಂದು, ಅದನ್ನು ನೆಲದ ರೂಪದಲ್ಲಿ ತೀರಿಸಬೇಕೆಂದು ಅವರು ಒಪ್ಪಿದ್ದರು. ನಮ್ಮ ಮನೆತನದಲ್ಲಿ ಬಿ.ಎ. ಪರೀಕ್ಷೆಗೆ ಕುಳಿತುಕೊಳ್ಳುವವರಲ್ಲಿ ನಾನೇ ಮೊದಲಿಗ. ನನ್ನ ಹಿಂದಿನವರಲ್ಲಿ ಆನೆ ಏರಿದವರು ಯಾರೂ ಇದ್ದಿರಲಾರರು. ಆದುದರಿಂದ ಸೈನ್ಯದ ಲೆಕ್ಕವನ್ನು ಓದುವಾಗ ನನ್ನ ಕಣ್ಣು ಕೊನೆಯ ಸಾಲಿಗೇ ಹೋಗುತ್ತದೆ. ಈ ಕಾಲೇಜಿನಲ್ಲಿ ನನ್ನಂಥವರೇ ಹೆಚ್ಚು ಮಂದಿ ಇರುವುದರಿಂದ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ.

‘ಆಟಕ್ಕೆ ಇಷ್ಟೆಲ್ಲ ಭಾರ ಹೇರಿದರೆ ಆಡುವವರಾರು?’ ಎಂದು ಕೆಲವರು ಕೇಳಬಹುದು. ಅದಕ್ಕೆ ನಮ್ಮ ಜಗಲಿಯ ಮೇಲೆಯೇ ಉತ್ತರವಿದೆ. ಆಡುಹುಲಿ ಆಟದಲ್ಲಿ ಸಾಮಾನ್ಯವಾಗಿ ಮೂರು ಹುಲಿ, ಹದಿನೈದು ಆಡು. ಹುಲಿಗೆ ಹಾರಿ ಕೊಲ್ಲುವ ಶಕ್ತಿಯುಂಟು, ಆಡಿಗೆ ಇಲ್ಲ. ಆಡುಗಳು ಒಂದರ ಬೆನ್ನಿಗೆ ಒಂದು ನಿಂತು ಹುಲಿ ಅಲುಗಾಡದಂತೆ ಕಟ್ಟಿಹಾಕಿದರೆ ಗೆಲುವು ಆಡುಗಳದು. ಎರಡು ಪಕ್ಷಗಳು ಒಂದೇ ಬಗೆಯಾಗಿರಬೇಕಿಲ್ಲ, ಬಡಪಕ್ಷದ ಒಂದೊಂದು ಕಾಯಿಯೂ ಆಟಗಾರನಿಗೆ ಅಮೂಲ್ಯ. ಆದರೂ ಆಟದ ರುಚಿ ಕೆಟ್ಟಿಲ್ಲ. ಚದುರಂಗವನ್ನೇ ನೋಡಿ. ಹಿಂದೆ ಮೂಲೆಗೆ ಒಂದೇ ಮನೆ ನಡೆಯುತ್ತಿದ್ದ ಮಂತ್ರಿಯು 15ನೆಯ ಶತಮಾನದ ಕೊನೆಯ ಹೊತ್ತಿಗೆ ಯೂರೋಪಿನಲ್ಲಿ ಹಲಗೆಯನ್ನೆಲ್ಲ ಆಳುವ ರಾಣಿಯಾದನು. ಆದರೆ ಆ ಪದವಿಗೆ ಏರುವ ದಾರಿ ಬೇರೆ ಯಾವ ಕಾಯಿಗೂ ಇಲ್ಲ. ಕೊನೆಯ ಸಾಲನ್ನು ಮುಟ್ಟಿದ ಕಾಲಾಳಿಗೆ ಮಾತ್ರ ಇದೆ.

ಇಂದು ನಮ್ಮ ನಾಡಿನಲ್ಲಿ ಕಂಪ್ಯೂಟರ್ ವಿದ್ಯೆ ಬಲ್ಲ ತರುಣರಿಗೆ ಬರವಿಲ್ಲ. ಬನವಾಸಿ ಹನ್ನೆರಡು ಸಾವಿರವನ್ನು ಹಲಗೆಯಾಗಿಟ್ಟುಕೊಂಡು ಒಂದು ಆಟವನ್ನು ಅವರು ಏಕೆ ಕಟ್ಟಬಾರದು? ಅದಕ್ಕೆ ನನ್ನ ಸೂಚನೆಗಳು ಮೂರೇ. ಒಂದು, ಆನೆ ಕುದುರೆಗಳು ದಿನದಿನವೂ ತಿನ್ನಬೇಕು. ತಿನ್ನುವುದು ದಾರಿಯ ಊರುಗಳ ಮೇವನ್ನೇ ಆಗಿರಬೇಕು. ಎರಡು, ಮಲೆನಾಡಿನ ಮಳೆಗೂ ಕಾಡಿಗೂ ಲೆಕ್ಕವಿರಬೇಕು. ತನ್ನ ಊರಿನ ಎಲ್ಲೆಯಲ್ಲಿ ನಿಂತ ಕಾಲಾಳಿಗೆ ಹೆಚ್ಚಿನ ಬಲವಿರಬೇಕು. ಮೂರು, ಒಬ್ಬ ಕಾಲಾಳು ಸತ್ತರೆ ಅವನ ಮನೆಗೆ ಒಂದು ತುಂಡು ಹೊಲವನ್ನು ಬಿಡುವವರೆಗೆ ಆ ಊರಿನಿಂದ ಮತ್ತೊಬ್ಬ ಬರಬಾರದು. ಈ ಮೂರನೆಯ ನಿಯಮವಿದ್ದರೆ, ಗುಂಡಿಯೊತ್ತುವ ಮುನ್ನ ಎಂಥ ಸೇನಾಪತಿಯೂ ಒಮ್ಮೆ ಯೋಚಿಸಿಯಾನು.

ಅಂಥ ಆಟ ಹುಟ್ಟುವವರೆಗೆ ನಾವು ಸುಮ್ಮನಿರಬೇಕಾಗಿಲ್ಲ. ನಮ್ಮ ಹಳ್ಳಿಗಳ ಕೆರೆಯ ಏರಿಯಲ್ಲಿ, ಗುಡಿಯ ಹಿಂದೆ, ಪೊದೆಗಳ ನಡುವೆ ವೀರಗಲ್ಲುಗಳು ಬಿದ್ದಿವೆ. ಅಕ್ಷರ ಸವೆಯುವ ಮೊದಲು, ಇತಿಹಾಸದ ಅಧ್ಯಾಪಕರ ಮಾರ್ಗದರ್ಶನದಲ್ಲಿ, ಒಬ್ಬೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಒಂದು ಕಲ್ಲನ್ನಾದರೂ ರೈಸ್ ಅವರ ಸಂಪುಟದೊಡನೆ ಹೋಲಿಸಿ ಓದಲಿ; ಸಂಪುಟದಲ್ಲಿ ಇಲ್ಲದ ಕಲ್ಲು ಸಿಕ್ಕರೆ ಅದರ ಚಿತ್ರವನ್ನು ತೆಗೆದು ತರಲಿ. ಮುಂದಿನ ವರ್ಷದ ಸಂಚಿಕೆಯಲ್ಲಿ ಆ ಹೆಸರುಗಳ ಪಟ್ಟಿಗೆ ಎರಡು ಪುಟಗಳನ್ನು ಬಿಡಬೇಕೆಂದು ಸಂಪಾದಕ ಮಂಡಳಿಯನ್ನು ಪ್ರಾರ್ಥಿಸುತ್ತೇನೆ.