ಇಲ್ಲದ ಪ್ರಾಣಿಯನ್ನರಸುವ ಮಕ್ಕಳು, ಇರುವುದನ್ನು ತೋರಿಸದ ಹಿರಿಯರು

ಮೊಬೈಲು ಹಿಡಿದು ಬೀದಿ ಸುತ್ತುವ ಮಕ್ಕಳನ್ನು ಕಂಡೊಡನೆ ‘ಕೆಟ್ಟುಹೋದ ತಲೆಮಾರು’ ಎಂದು ಹಳಿಯುವುದು ನಮ್ಮಲ್ಲಿ ಅನೇಕರಿಗೆ ಅಭ್ಯಾಸವೇ ಆಗಿಬಿಟ್ಟಿದೆ. ಪೊಕೆಮಾನ್ ಗೋ ಎಂಬ ಆಟವು 2016ರಲ್ಲಿ ಬಂದಾಗ ಮೊದಲಾದ ನಿಂದೆ ಇನ್ನೂ ನಿಂತಿಲ್ಲ. ಆ ಆಟದ ವಕಾಲತ್ತು ವಹಿಸಲು ನಾನು ಹೊರಟಿಲ್ಲ. ಆದರೆ ದೂರನ್ನು ನಾವು ತಪ್ಪು ಬಾಗಿಲಿಗೆ ಒಯ್ಯುತ್ತಿದ್ದೇವೆಂಬುದೇ ನನ್ನ ತಕರಾರು.

ಆಟದ ರೀತಿ ಇಷ್ಟೆ. ಉಪಗ್ರಹಗಳ ನೆರವಿನಿಂದ ಫೋನು ನಾವು ನಿಂತ ನೆಲೆಯನ್ನರಿತು ಅಲ್ಲಿಯ ನಕಾಶೆಯನ್ನು ತೆರೆಯ ಮೇಲೆ ಮೂಡಿಸುತ್ತದೆ. ನಡೆದಂತೆಲ್ಲ ಕಲ್ಪಿತ ಜೀವಿಗಳು ಗೋಚರಿಸುತ್ತವೆ. ಚೆಂಡೆಸೆದು ಅವನ್ನು ಹಿಡಿಯಬೇಕು. ಚೆಂಡು ದೊರೆಯುವುದು ಗುಡಿ, ಪ್ರತಿಮೆ, ಉದ್ಯಾನ ಮೊದಲಾದ ಗುರುತಿನ ತಾಣಗಳಲ್ಲಿ. ಫೋನುಗಳ ಓಡಾಟ ಹೆಚ್ಚಿರುವ ನಗರಗಳಲ್ಲಿ ಜೀವಿಗಳೂ ಹೆಚ್ಚು. ಹಳ್ಳಿಗಾಡಿನಲ್ಲಿ ತೆರೆ ಬಹುಮಟ್ಟಿಗೆ ಬರಿದು. ಬೆಂಗಳೂರಿನ ಒಂದು ಅಂಗಡಿಸಾಲು ಈ ಆಟದ ಕಣ್ಣಿಗೆ ದಟ್ಟಾರಣ್ಯ. ನಮ್ಮ ಮಧುಗಿರಿ, ಪಾವಗಡಗಳ ಬೆಟ್ಟಗುಡ್ಡಗಳು ಬಟ್ಟಬಯಲು!

ಈ ಜೀವಿಗಳನ್ನು ಮೊದಲು ಕಲ್ಪಿಸಿದವರು ಜಪಾನಿನ ಸತೋಶಿ ತಾಜಿರಿ. ಟೋಕಿಯೋ ನಗರದಂಚಿನ ಊರಿನಲ್ಲಿ ಅವರು ಬಾಲ್ಯದಲ್ಲಿ ಕುಂಟೆ, ಹೊಲಗಳಲ್ಲಿ ಹುಳುಹುಪ್ಪಟೆಗಳನ್ನು ಹಿಡಿದು ಕೂಡಿಡುತ್ತಿದ್ದರು. ನಗರವು ಬೆಳೆದು ಆ ಕುಂಟೆಗಳನ್ನೂ ಹೊಲಗಳನ್ನೂ ನುಂಗಿತು. ಮುಂದಿನ ಮಕ್ಕಳಿಗೆ ಆ ಸುಖವು ಬೇರೊಂದು ರೂಪದಲ್ಲಾದರೂ ದೊರೆಯಲೆಂದು 1996ರಲ್ಲಿ ಅವರು ಮೊದಲ ಆಟವನ್ನು ರಚಿಸಿದರು. ನೆಲವನ್ನು ಕಳೆದುಕೊಂಡವನು ತನಗೆ ತಾನೇ ಹೇಳಿಕೊಂಡ ಸಮಾಧಾನವದು. ಕಳೆದುಕೊಳ್ಳುವ ಮೊದಲೇ ಆ ಸಮಾಧಾನವನ್ನು ಆಮದು ಮಾಡಿಕೊಂಡವರು ನಾವು!

ನಮ್ಮಲ್ಲಿ ಇರುವುದೇನು? ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 798 ಎಕರೆ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶವಾಯಿತು. ಸುರುಳಿಗೊಂಬಿನ ಕರಿಯ ಗಂಡು ತನ್ನ ಹಿಂಡಿನ ಮುಂದೆ ತಲೆಯೆತ್ತಿ ನಡೆಯುವ ಠೀವಿಯನ್ನು ಒಮ್ಮೆ ಕಂಡವರು ಮರೆಯಲಾರರು. ಅದೇ ಹಿಂಡು ಬೇಲಿಯಾಚೆಯ ಬೆಳೆಗೂ ಬಾಯಿಡುತ್ತದೆ. ಆ ರೈತನ ಸಿಟ್ಟು ನ್ಯಾಯವಾದದ್ದೇ. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದಲ್ಲಿ ಮನೆಗಳ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಹಿಕ್ಕೆಯ ನಾತವನ್ನೂ ಗದ್ದಲವನ್ನೂ ಸಹಿಸಿಕೊಂಡು ಅವನ್ನು ಕಾಯ್ದವರು ಊರವರೇ. ಕೊರಟಗೆರೆ, ಮಧುಗಿರಿ ಸೀಮೆಯ ತಿಮ್ಮಲಾಪುರದ ಕಾಡು ವನ್ಯಧಾಮವೆಂದು ಘೋಷಿತವಾದದ್ದು ಆ ಆಟ ಹುಟ್ಟಿದ 2016ರಲ್ಲಿಯೇ. ಕರಡಿಯ ಬಳಿಗೆ ಮಕ್ಕಳನ್ನು ಕರೆದೊಯ್ಯಿರೆಂದು ಮಾತ್ರ ನಾನು ಹೇಳಲಾರೆ. ಕರಡಿಯ ಪರಿಚಯ ಆ ಭಾಗದವರಿಗೆ ಬೇಕಾದುದಕ್ಕಿಂತ ಹೆಚ್ಚೇ ಇದೆ.

2002ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಶಾಲಾಮಕ್ಕಳಿಗೆ ಚಿತ್ರಗಳನ್ನು ತೋರಿಸಿ ಪರೀಕ್ಷಿಸಿದರು. ಎಂಟು ವರ್ಷದವರು ಪೊಕೆಮಾನ್ ಜೀವಿಗಳನ್ನು ಶೇಕಡ 78ರಷ್ಟು ಗುರುತಿಸಿದರೆ, ತಮ್ಮ ನಾಡಿನ ಸಾಮಾನ್ಯ ಪ್ರಾಣಿ, ಸಸ್ಯಗಳನ್ನು ಗುರುತಿಸಿದ್ದು ಶೇಕಡ 53ರಷ್ಟು ಮಾತ್ರ. ಈ ಪರೀಕ್ಷೆಯನ್ನು ನಮ್ಮ ಮಕ್ಕಳಿಗೆ ಒಡ್ಡುವ ಮೊದಲು ನಮಗೇ ಒಡ್ಡಿಕೊಳ್ಳೋಣವೆ? ಕೆರೆಯಂಗಳದ ಹತ್ತು ಹಕ್ಕಿಗಳ ಹೆಸರು ಹೇಳಬಲ್ಲ ಹಿರಿಯರು ನಮ್ಮಲ್ಲಿ ಎಷ್ಟು ಮಂದಿ?

ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ಉದ್ಯಾನ ತಲೆಯೆತ್ತಿದೆ. ಬರದ ಸೀಮೆಯ ರೈತನಿಗೆ ಭೂಮಿಯ ಬಾಡಿಗೆ ಬರುವುದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಕುರಿ ಮೇಯುತ್ತಿದ್ದ ಬಯಲಿನಲ್ಲಿ ಯಾವ ಹಕ್ಕಿ ನೆಲದ ಮೇಲೆ ಮೊಟ್ಟೆಯಿಡುತ್ತಿತ್ತು, ಯಾವುದು ಇನ್ನು ಬಾರದು ಎಂಬುದನ್ನು ಗುರುತಿಟ್ಟುಕೊಳ್ಳುವ ಕಣ್ಣುಗಳನ್ನು ನಾವು ಬೆಳೆಸಿದ್ದೇವೆಯೆ? ಹೆಸರೇ ತಿಳಿಯದ ಜೀವಿ ಮರೆಯಾದರೆ ದುಃಖಿಸುವವರು ಯಾರು?

ಪ್ರಸಾದನಿಲಯಗಳಲ್ಲಿ ಓದಿ ಇಂದು ಈ ನಾಲ್ಕು ತಾಲ್ಲೂಕುಗಳಲ್ಲಿ ಉಪಾಧ್ಯಾಯರಾಗಿರುವ ಹಳೆಯ ವಿದ್ಯಾರ್ಥಿಗಳನ್ನು ನಾನು ನೇರವಾಗಿಯೇ ಕೇಳುತ್ತೇನೆ. ವರ್ಷವರ್ಷವೂ ಡಿಸೆಂಬರಿನಲ್ಲಿ ನಿಮ್ಮ ಶಾಲೆಯ ಪ್ರವಾಸದ ಬಸ್ಸು ಮೈಸೂರಿನ ಮೃಗಾಲಯಕ್ಕೆ ಹೊರಡುತ್ತದೆ. ಮೈದನಹಳ್ಳಿಗೆ ಎಂದಾದರೂ ಹೊರಟಿತ್ತೆ? ‘ಅಲ್ಲೇನಿದೆ ನೋಡಲು’ ಎಂದು ತಾವೇ ನುಡಿದು, ಮಗುವು ಫೋನಿನಲ್ಲಿ ಪ್ರಾಣಿಯನ್ನು ಹುಡುಕಿದಾಗ ಕಿವಿ ಹಿಂಡುವುದು ಯಾವ ನ್ಯಾಯ? ಆ ಮಗುವಿಗೆ ನಡೆಯುವ ಕಾಲಿದೆ, ಅರಸುವ ಆಸೆಯಿದೆ. ಆಟವು ಇದನ್ನು ನಮಗಿಂತ ಮೊದಲು ಅರಿಯಿತು.

ಕಗ್ಗಲಡುವಿಗೆ ಹೋಗುವುದಾದರೆ ಪ್ರವಾಸವನ್ನು ಡಿಸೆಂಬರಿನಿಂದ ಫೆಬ್ರವರಿಯ ಕೊನೆಗೆ ಮುಂದೂಡಬೇಕಾದೀತು. ಹಕ್ಕಿಗಳು ಅಷ್ಟರಲ್ಲಿ ಬಂದಿರುತ್ತವೆ.