ಗೃಹಯಂತ್ರ ಪರಿಚಯ: ಒಂದೇ ಸಂಖ್ಯೆಯ ಎರಡು ಬಾಗಿಲು

ಮೂಡಲಪಾಳ್ಯದ ಹೆಸರಿನಲ್ಲಿ ಮೂಡಲು ಉಂಟು. ಆದರೆ ಬಡಾವಣೆ ಇರುವುದು ಬೆಂಗಳೂರಿನ ಪಡುವಣ ಭಾಗದಲ್ಲಿ. ಹೆಸರಿಟ್ಟ ಹಿರಿಯರು ಎಲ್ಲಿ ನಿಂತು ನೋಡಿದರೋ ಅಲ್ಲಿಂದ ಅದು ಮೂಡಲೇ ಆಗಿದ್ದಿರಬೇಕು. ವಿಳಾಸಗಳ ಸ್ವಭಾವವೇ ಹೀಗೆ. ನೋಡುವವನ ನೆಲೆಯನ್ನು ಅನುಸರಿಸಿ ಅವುಗಳಿಗೆ ಅರ್ಥ. ಇಂದು ಮನೆಮನೆಯ ಗೋಡೆಯ ಮೇಲೆ ಹಸಿರು ದೀಪ ಮಿನುಗಿಸುತ್ತ ಕುಳಿತಿರುವ ರೌಟರೆಂಬ ಪೆಟ್ಟಿಗೆಗೂ ಈ ಮಾತು ಸಲ್ಲುತ್ತದೆ.

30×40 ಅಡಿ ನಿವೇಶನದಲ್ಲಿ ಎದ್ದ ಎರಡಂತಸ್ತಿನ ಮನೆಯೊಂದನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಲಿ. ಕೆಳಗೆ ನಿವೃತ್ತರಾದ ಯಜಮಾನರು, ಅವರ ಪತ್ನಿ. ಮೇಲೆ ಹಿರಿಯ ಮಗ, ಸೊಸೆ, ಹತ್ತನೆಯ ತರಗತಿಯ ಮೊಮ್ಮಗಳು. ಕಿರಿಯ ಮಗ ಪರದೇಶದಲ್ಲಿ. ಇಂಟರ್‌ನೆಟ್ ಕಂಪನಿಯವರು ಕೂಡಿಸಿದ ಪೆಟ್ಟಿಗೆ ಕೆಳಗಿನ ಹಜಾರದಲ್ಲಿದೆ. ಅದರ ವೈಫೈ ಕಾಂಕ್ರೀಟು ಚಾವಣಿಯನ್ನು ದಾಟಿ ಮೇಲೇರುವಷ್ಟರಲ್ಲಿ ಸೊರಗಿಹೋಗುತ್ತದೆ. ಅದಕ್ಕಾಗಿ ಹಿರಿಯ ಮಗ ಅಂಗಡಿಯಿಂದ ಇನ್ನೊಂದು ರೌಟರನ್ನು ತಂದು, ಮೆಟ್ಟಿಲ ಪಕ್ಕದಲ್ಲಿ ತಂತಿಯನ್ನು ಎಳೆದು, ಎರಡನ್ನೂ ಜೋಡಿಸಿದ. ಎರಡು ದಿನ ಎಲ್ಲವೂ ಸೊಗಸಾಗಿ ನಡೆಯಿತು. ಮೂರನೆಯ ದಿನ ತೊಂದರೆ ತಲೆಯೆತ್ತಿತು. ಭಾನುವಾರ ಕಿರಿಯ ಮಗನ ಮುಖ ಪರದೆಯ ಮೇಲೆ ಮೂಡಿದ್ದೇ ತಡ, ಅರ್ಧ ತೆರೆದ ಬಾಯಿಯೊಡನೆ ನಿಂತುಹೋಯಿತು.

“ಇಡೀ ದಿನ ಮೇಲೆ ಅದೇನು ಹಾಕಿಕೊಂಡಿರುತ್ತೀರಮ್ಮ? ಮಗನ ಹತ್ತಿರ ನಾಲ್ಕು ಮಾತಾಡೋಣವೆಂದರೂ ನೆಟ್ ಇಲ್ಲ,” ಎಂದರು ಅತ್ತೆ.

“ನಾವೇನೂ ಹಾಕಿಲ್ಲ ಅತ್ತೆ. ನನ್ನ ಆಫೀಸಿನ ಮೀಟಿಂಗೇ ಎರಡು ಸಲ ಕಡಿದುಹೋಯಿತು. ಕೆಳಗೇ ಏನೋ ಆಗಿರಬೇಕು,” ಎಂದಳು ಸೊಸೆ.

ಯಜಮಾನರು ಪೆಟ್ಟಿಗೆಯನ್ನು ಆರಿಸಿ ಮತ್ತೆ ಹಾಕಿದರು. ಅರ್ಧ ಗಂಟೆ ಸರಿಹೋಯಿತು, ಬಳಿಕ ಮೊದಲಿನಂತೆಯೇ. ಮೊಮ್ಮಗಳು ಶಾಲೆಗೆ ಒಯ್ಯಬೇಕಾದ ಹಾಳೆಗಳನ್ನು ಅಚ್ಚು ಹಾಕಲು ಹೋದರೆ ಪ್ರಿಂಟರೇ ಕಾಣುತ್ತಿಲ್ಲವೆಂಬ ಉತ್ತರ ಬಂದಿತು. ಒಂದು ವಾರ ಕಳೆಯುವಷ್ಟರಲ್ಲಿ ಮೇಲಿನವರಿಗೂ ಕೆಳಗಿನವರಿಗೂ ಮಾತು ಕಡಿಮೆಯಾಯಿತು.

ತಪ್ಪು ಅತ್ತೆಯದೂ ಅಲ್ಲ, ಸೊಸೆಯದೂ ಅಲ್ಲ. ಎರಡು ಪೆಟ್ಟಿಗೆಗಳೂ ತಮ್ಮ ಬಾಗಿಲ ಮೇಲೆ ಒಂದೇ ಸಂಖ್ಯೆಯನ್ನು ಬರೆದುಕೊಂಡಿದ್ದವು: 192.168.1.1. ಅನೇಕ ರೌಟರುಗಳು ಕಾರ್ಖಾನೆಯಿಂದ ಬರುವಾಗಲೇ ಈ ಸಂಖ್ಯೆಯನ್ನು ಹೊತ್ತು ಬರುತ್ತವೆ.

ಈ ಸಂಖ್ಯೆಗೆ ಐ.ಪಿ. ವಿಳಾಸವೆಂದು ಹೆಸರು. 1981ರಲ್ಲಿ ಗೊತ್ತುಪಡಿಸಿದ ಕ್ರಮದಂತೆ ಇಂಥ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಜಗತ್ತಿನ ಯಂತ್ರಗಳಿಗೆಲ್ಲ ಇವು ಸಾಲವೆಂಬುದು ಬೇಗನೆ ಮನವರಿಕೆಯಾಯಿತು. ಆದುದರಿಂದ 1996ರಲ್ಲಿ ಕೆಲವು ಸಂಖ್ಯೆಗಳನ್ನು ಮನೆ, ಕಚೇರಿಗಳ ಒಳಬಳಕೆಗೆಂದೇ ಮೀಸಲಿಟ್ಟು ನಿಯಮ ಹೊರಡಿಸಿದರು. 10 ಎಂದು ಆರಂಭವಾಗುವವು, 172.16ರಿಂದ 172.31ರವರೆಗಿನವು, 192.168 ಎಂದು ಆರಂಭವಾಗುವ 65,536 ವಿಳಾಸಗಳು—ಇವೇ ಆ ಮೀಸಲು ಸಂಖ್ಯೆಗಳು. ಬೆಂಗಳೂರಿನ ನಿವಾಸಿಗಳಿಗೆ ಇದು ಹೊಸ ಏರ್ಪಾಡೆಂದು ತೋರಬೇಕಾಗಿಲ್ಲ. 1ನೇ ಮೇನ್, 1ನೇ ಕ್ರಾಸ್ ಎಂಬುವು ನಗರದ ಎಷ್ಟೋ ಬಡಾವಣೆಗಳಲ್ಲಿ ಉಂಟು. ಬಡಾವಣೆಯೊಳಗಿನವರಿಗೆ ಅಷ್ಟು ಹೇಳಿದರೆ ಸಾಕು. ಹೊರಗಿನಿಂದ ಕಾಗದ ಬರೆಯುವವರು ಮಾತ್ರ ಬಡಾವಣೆಯ ಹೆಸರನ್ನೂ ಪಿನ್‌ಕೋಡನ್ನೂ ಸೇರಿಸಬೇಕು. ಹಾಗೆಯೇ 192.168.1.1 ಲಕ್ಷಾಂತರ ಮನೆಗಳಲ್ಲಿದ್ದರೂ ಬಾಧಕವಿಲ್ಲ. ಒಂದೇ ಮನೆಯಲ್ಲಿ ಎರಡು ಇದ್ದರೆ ಮಾತ್ರ ಅನರ್ಥ.

ರೌಟರಿನ ಕೆಲಸ ಎರಡು ಬಗೆಯದು. ಮನೆಯ ಯಂತ್ರಗಳ ಮಾತನ್ನು ಹೊರಗೆ ಒಯ್ದು, ಬಂದ ಉತ್ತರವನ್ನು ಕೇಳಿದವರಿಗೇ ತಲುಪಿಸುವುದು ಮೊದಲನೆಯದು. ಮನೆಯೊಳಗಿನ ಒಂದೊಂದು ಯಂತ್ರಕ್ಕೂ ಒಂದೊಂದು ವಿಳಾಸವನ್ನು ಹಂಚುವುದು ಎರಡನೆಯದು. ಈ ಎರಡನೆಯ ಕೆಲಸಕ್ಕೆ ಡಿ.ಎಚ್.ಸಿ.ಪಿ. ಎಂದು ಹೆಸರು. ಇದು ಛತ್ರದ ಪಾರುಪತ್ಯಗಾರನ ಕೆಲಸವಿದ್ದಂತೆ. ಬಂದವರಿಗೆ ಬರಿದಾದ ಕೋಣೆಯನ್ನು ಕೊಡುತ್ತಾನೆ, ಗಡುವು ಹಾಕುತ್ತಾನೆ, ಗಡುವು ತೀರಿದ ಬಳಿಕ ಅದೇ ಕೋಣೆಯನ್ನು ಬೇರೊಬ್ಬರಿಗೆ ಕೊಟ್ಟರೂ ಕೊಟ್ಟಾನು. ಮೇಲೆ ಹೇಳಿದ ಮನೆಯಲ್ಲಿ ಒಂದೇ ಛತ್ರಕ್ಕೆ ಇಬ್ಬರು ಪಾರುಪತ್ಯಗಾರರು ಸೇರಿಕೊಂಡರು. ಒಬ್ಬನು ಯಜಮಾನರ ಮೊಬೈಲಿಗೆ ಕೊಟ್ಟ ಸಂಖ್ಯೆಯನ್ನೇ ಇನ್ನೊಬ್ಬನು ಸೊಸೆಯ ಲ್ಯಾಪ್‌ಟಾಪಿಗೆ ಕೊಟ್ಟ. ಹೊರಹೋಗುವ ಬಾಗಿಲು ಯಾವುದೆಂದು ಕೇಳಿದರೆ ಇಬ್ಬರೂ ‘ನಾನೇ’ ಎಂದರು. ಆದರೆ ಹೊರಗಿನ ದಾರಿ ಇದ್ದುದು ಕೆಳಗಿನವನ ಬಳಿ ಮಾತ್ರ. ಆದುದರಿಂದಲೇ ನೆಟ್ ಒಮ್ಮೆ ಬರುವುದು, ಒಮ್ಮೆ ಹೋಗುವುದು.

ಪರಿಹಾರಕ್ಕೆ ಒಂದು ಗಂಟೆಯ ಬಿಡುವು, ಒಂದು ಪೆನ್ನು, ಒಂದು ಕಾಗದ ಸಾಕು. ಮೊಬೈಲಿನ ವೈಫೈ ವಿವರಗಳಲ್ಲಿ ‘ಗೇಟ್‌ವೇ’ ಅಥವಾ ‘ರೌಟರ್’ ಎಂಬ ಹೆಸರಿನ ಮುಂದೆ ಪೆಟ್ಟಿಗೆಯ ವಿಳಾಸ ಕಾಣುತ್ತದೆ. ಅದನ್ನು ಬ್ರೌಸರಿನ ವಿಳಾಸಪಟ್ಟಿಯಲ್ಲಿ ಬರೆದರೆ ರೌಟರಿನ ಒಳಪುಟ ತೆರೆಯುತ್ತದೆ. ಪ್ರವೇಶದ ಹೆಸರು, ಗುಪ್ತಪದಗಳು ಸಾಮಾನ್ಯವಾಗಿ ಪೆಟ್ಟಿಗೆಯ ಅಡಿಯಲ್ಲಿ ಅಂಟಿಸಿದ ಚೀಟಿಯ ಮೇಲಿರುತ್ತವೆ.

ಒಳಗೆ ‘ವ್ಯಾನ್’, ‘ಲ್ಯಾನ್’ ಎಂಬ ಎರಡು ವಿಭಾಗಗಳುಂಟು. ವ್ಯಾನ್ ಹೊರಗಿನ ಸಂಬಂಧ. ಕಂಪನಿಯವರು ಬರೆದಿಟ್ಟ ವಿವರಗಳು ಅಲ್ಲಿರುತ್ತವೆ. ಅದನ್ನು ಮುಟ್ಟದಿರುವುದೇ ಕ್ಷೇಮ. ಪೆಟ್ಟಿಗೆಯ ಹಿಂದಿನ ಸಣ್ಣ ರಂಧ್ರದೊಳಗಿನ ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದರೆ ಆ ವಿವರಗಳೂ ಅಳಿಸಿಹೋಗಬಹುದು. ಕಂಪನಿಯವರು ಬಂದು ಮತ್ತೆ ಬರೆಯುವವರೆಗೂ ಮನೆಗೆ ನೆಟ್ ಇರದು. ಮನೆಯವರು ತಿದ್ದಬೇಕಾದುದು ಲ್ಯಾನ್ ಪುಟವನ್ನು. ತಿದ್ದುವ ಮೊದಲು ಪ್ರತಿ ಪುಟದ ಛಾಯಾಚಿತ್ರವನ್ನು ತೆಗೆದುಕೊಂಡರೆ ಹಳೆಯ ಸ್ಥಿತಿಗೆ ಮರಳುವುದು ಸುಲಭ.

ಕೆಳಗಿನ ಪೆಟ್ಟಿಗೆ ಹಿರಿಯದು. ಅದರ ವಿಳಾಸ 192.168.1.1 ಹಾಗೆಯೇ ಇರಲಿ. ಅದು ಹಂಚುವ ಸಂಖ್ಯೆಗಳ ಸಾಲನ್ನು 192.168.1.100ರಿಂದ 192.168.1.200ರವರೆಗೆ ಎಂದು ಗೊತ್ತುಮಾಡಬೇಕು. ಹೀಗೆ ಮಾಡಿದರೆ 100ಕ್ಕಿಂತ ಕೆಳಗಿನ ಸಂಖ್ಯೆಗಳು ಮನೆಯವರ ಕೈಯಲ್ಲಿ ಉಳಿಯುತ್ತವೆ. ಅನಂತರ ನಡುವಿನ ತಂತಿಯನ್ನು ಕಳಚಿ, ಮೇಲಿನ ರೌಟರಿಗೆ ಒಂದು ಲ್ಯಾಪ್‌ಟಾಪನ್ನು ಮಾತ್ರ ಜೋಡಿಸಿ, ಅದರ ವಿಳಾಸವನ್ನು 192.168.1.2 ಎಂದು ಬದಲಿಸಬೇಕು. ಸಬ್‌ನೆಟ್ ಮಾಸ್ಕ್ ಎಂಬಲ್ಲಿ ಎರಡರಲ್ಲೂ 255.255.255.0 ಇರಲಿ, ಮೊದಲ ಮೂರು ಅಂಕಿಗಳು ಒಂದೇ ಆಗಿರುವವರೆಲ್ಲ ಒಂದೇ ಬೀದಿಯವರೆಂದು ಅದರ ಅರ್ಥ. ಉಳಿಸಿದ ಕೂಡಲೆ ಪುಟ ಮಾಯವಾಗುತ್ತದೆ. ಗಾಬರಿ ಬೇಡ, ಬಾಗಿಲ ಸಂಖ್ಯೆ ಬದಲಾಗಿದೆಯಷ್ಟೆ. 192.168.1.2 ಎಂದು ಬರೆದು ಮತ್ತೆ ಒಳಹೊಕ್ಕು, ಅಲ್ಲಿಯ ಡಿ.ಎಚ್.ಸಿ.ಪಿ.ಯನ್ನು ನಿಲ್ಲಿಸಬೇಕು. ಕಡೆಗೆ ಕೆಳಗಿನ ಪೆಟ್ಟಿಗೆಯ ಲ್ಯಾನ್ ರಂಧ್ರದಿಂದ ಮೇಲಿನದರ ಲ್ಯಾನ್ ರಂಧ್ರಕ್ಕೆ ತಂತಿಯನ್ನು ಕೊಡಬೇಕು. ಕೆಲವು ರೌಟರುಗಳಲ್ಲಿ ‘ಆ್ಯಕ್ಸೆಸ್ ಪಾಯಿಂಟ್’ ಎಂಬ ಆಯ್ಕೆಯೇ ಇದ್ದು, ಬಹುಪಾಲು ಕೆಲಸವನ್ನು ಅದೇ ಮಾಡಿಕೊಳ್ಳುತ್ತದೆ.

ಪ್ರಿಂಟರಿಗೂ ಗೇಟಿನ ಕ್ಯಾಮೆರಾಕ್ಕೂ ದಿನಕ್ಕೊಂದು ವಿಳಾಸ ಒಪ್ಪುವುದಿಲ್ಲ. ಪ್ರತಿ ಯಂತ್ರಕ್ಕೂ 12 ಅಕ್ಷರ-ಅಂಕಿಗಳ ಮ್ಯಾಕ್ ವಿಳಾಸವೊಂದು ಇರುತ್ತದೆ. ಅದನ್ನು ಹಿರಿಯ ರೌಟರಿನ ‘ರಿಸರ್ವೇಷನ್’ ಪುಟದಲ್ಲಿ ಬರೆದು, ಪ್ರಿಂಟರಿಗೆ 192.168.1.110 ಎಂದು ಕಾಯ್ದಿರಿಸಿದರೆ ಆ ಸಂಖ್ಯೆ ಅದಕ್ಕೇ ಉಳಿಯುತ್ತದೆ. ಮೊಬೈಲುಗಳ ಮಾತು ಬೇರೆ: ಈಚಿನ ಅನೇಕ ಮೊಬೈಲುಗಳು ಗೋಪ್ಯತೆಗಾಗಿ ಮ್ಯಾಕ್ ವಿಳಾಸವನ್ನು ಮರೆಮಾಚುತ್ತವೆ, ಅವುಗಳಿಗೆ ಕಾಯ್ದಿರಿಸಹೊರಟರೆ ಲೆಕ್ಕ ತಪ್ಪೀತು. ಯಾವುದಾದರೂ ಯಂತ್ರದಲ್ಲಿ 169.254 ಎಂದು ಆರಂಭವಾಗುವ ಸಂಖ್ಯೆ ಕಂಡರೆ, ಪಾರುಪತ್ಯಗಾರನೇ ಸಿಗದೆ ಅದು ತಾನೇ ಒಂದು ಸಂಖ್ಯೆಯನ್ನು ಇಟ್ಟುಕೊಂಡಿದೆಯೆಂದು ತಿಳಿಯಬೇಕು. ಆಗ ಮೊದಲು ನೋಡಬೇಕಾದುದು ತಂತಿಯನ್ನು ಮತ್ತು ಡಿ.ಎಚ್.ಸಿ.ಪಿ.ಯನ್ನು.

ಮೇಲಿನ ಮಹಡಿಯಲ್ಲಿ ಬಾಡಿಗೆದಾರರಿದ್ದರೆ ಇಷ್ಟು ಒಗ್ಗಟ್ಟು ತರವಲ್ಲ. ಅವರ ರೌಟರನ್ನು ವ್ಯಾನ್ ರಂಧ್ರದ ಮೂಲಕ ಜೋಡಿಸಿ 192.168.2.1 ಎಂಬ ಬೇರೆ ಬೀದಿಯನ್ನು ಕೊಟ್ಟರೂ, ಅವರ ಕಡೆಯಿಂದ ಕೆಳಗಿನ ಮನೆಯ ಕ್ಯಾಮೆರಾವನ್ನು ತಲುಪಲು ಸಾಮಾನ್ಯವಾಗಿ ದಾರಿ ಉಳಿದೇ ಇರುತ್ತದೆ. ಅಂಥ ಕಡೆ ಹಿರಿಯ ರೌಟರಿನಲ್ಲೇ ‘ಗೆಸ್ಟ್’ ಜಾಲವನ್ನು ತೆರೆದುಕೊಡುವುದು, ಇಲ್ಲವೆ ಅವರು ಬೇರೆ ಸಂಪರ್ಕವನ್ನು ಪಡೆಯುವುದು ಇಬ್ಬರಿಗೂ ಮರ್ಯಾದೆ.

ಇನ್ನೊಂದು ಎಚ್ಚರಿಕೆ. ಬಾಗಿಲ ಸಂಖ್ಯೆಯನ್ನು ಬದಲಿಸಿದ ಮಾತ್ರಕ್ಕೆ ಕಳ್ಳನು ಹಿಂದಿರುಗುವುದಿಲ್ಲ, ಬೀಗವೇ ಬೇಕು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯ ಗುಪ್ತಪದವನ್ನೇ ಇಟ್ಟುಕೊಂಡಿದ್ದ ಲಕ್ಷಾಂತರ ಕ್ಯಾಮೆರಾ, ರೌಟರುಗಳನ್ನು ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅಂಥ ಯಂತ್ರಗಳನ್ನೇ ಸೈನ್ಯವಾಗಿ ನುಗ್ಗಿಸಿದ್ದರಿಂದ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ಗಳಂಥ ತಾಣಗಳೂ ಜನರಿಗೆ ಗಂಟೆಗಟ್ಟಲೆ ಸಿಗದೆಹೋದವು. ಆ ಯಂತ್ರಗಳ ಯಜಮಾನರಲ್ಲಿ ಹೆಚ್ಚಿನವರಿಗೆ ತಮ್ಮ ಮನೆಯ ಪೆಟ್ಟಿಗೆ ಏನು ಮಾಡುತ್ತಿದೆಯೆಂಬುದೇ ತಿಳಿದಿರಲಿಲ್ಲ. ಆದುದರಿಂದ ರೌಟರಿನ ಒಳಪುಟದ ಗುಪ್ತಪದವನ್ನು ಮೊದಲ ದಿನವೇ ಬದಲಿಸಬೇಕು. ಇದು ವೈಫೈ ಗುಪ್ತಪದಕ್ಕಿಂತ ಬೇರೆ. ಬಂದ ನೆಂಟರಿಗೆ ವೈಫೈ ಗುಪ್ತಪದವನ್ನು ಹೇಳಬಹುದು, ಇದನ್ನು ಹೇಳಬಾರದು.

ಮೂಡಲಪಾಳ್ಯದ ಆ ಮನೆಯಲ್ಲಿ ಮುಂದಿನ ಭಾನುವಾರ ಮೇಲಿನವರೆಲ್ಲ ಕೆಳಗಿಳಿದು ಬಂದರು. ಪರದೆಯ ಮೇಲೆ ಕಿರಿಯ ಮಗನ ಮಾತು ಮುಕ್ಕಾಲು ಗಂಟೆ ಕಡಿಯದೆ ನಡೆಯಿತು. ವಿದ್ಯುತ್ ಬಿಲ್ಲಿನ ಆರ್.ಆರ್. ಸಂಖ್ಯೆ, ಗ್ಯಾಸ್ ಪುಸ್ತಕದ ಸಂಖ್ಯೆಗಳನ್ನು ಬರೆದಿಟ್ಟಿದ್ದ ಲೆಕ್ಕದ ಪುಸ್ತಕದಲ್ಲಿ ಯಜಮಾನರು ಹೊಸದಾಗಿ ಮೂರು ಸಾಲು ಸೇರಿಸಿದರು: ಕೆಳಗಿನದು 1, ಮೇಲಿನದು 2, ಪ್ರಿಂಟರು 110. ಗುಪ್ತಪದವನ್ನು ಅಲ್ಲಿ ಬರೆಯಬೇಡಿರೆಂದು ಮೊಮ್ಮಗಳು ತಡೆದಳು.

“ಅವತ್ತು ನಿನ್ನ ಮೇಲೆ ಸುಮ್ಮನೆ ರೇಗಿದೆ ಕಣಮ್ಮ,” ಎಂದರು ಅತ್ತೆ.

ಸೊಸೆ ನಕ್ಕು ಕಾಫಿಗೆ ಹಾಲು ಕಾಯಿಸಲು ಅಡಿಗೆಮನೆಗೆ ಹೋದಳು.