ಶಾಲು ಯಾರ ಹೆಗಲಿಗೆ, ಬ್ಯಾಡ್ಜು ಯಾರ ಎದೆಗೆ

ಕಾಳಿ ಹೊಳೆ ಹುಟ್ಟೋದು ಜೋಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ. ಡಾ. ರಾಜಾ ರಾಮಣ್ಣ ಹುಟ್ಟಿದ್ದು ತುಮಕೂರಿನಲ್ಲಿ, 1925ರ ಜನವರಿ 28ರಂದು. ಈ ಹೊಳೆಯ ನೀರೂ ಆ ವಿಜ್ಞಾನಿಯ ವಿಜ್ಞಾನವೂ ಕೂಡಿದ ಜಾಗ ಕಾರವಾರ ತಾಲ್ಲೂಕಿನ ಕೈಗಾ. ಹೊಳೆಗೆ ಯಾರೂ ಶಾಲು ಹೊದಿಸಲಿಲ್ಲ. ರಾಮಣ್ಣನವರ ಹೆಸರಿನಲ್ಲಿ ಕರ್ನಾಟಕ ಸರ್ಕಾರ ವಿಜ್ಞಾನಿಗಳಿಗೆ ರಾಜ್ಯ ಪ್ರಶಸ್ತಿ ಇಟ್ಟಿದೆ. ಅಣುಶಕ್ತಿ ಇಲಾಖೆ ನಿವೃತ್ತ ವಿಜ್ಞಾನಿಗಳಿಗೆ ಅವರ ಹೆಸರಿನ ಫೆಲೋಶಿಪ್ ಕೊಡುತ್ತದೆ. ಇಂದೋರಿನ ಸಂಶೋಧನಾ ಕೇಂದ್ರಕ್ಕೆ 2005ರಲ್ಲಿ ಅವರದೇ ಹೆಸರಿಟ್ಟರು. ಹೋಮಿ ಭಾಭಾ ಹೆಸರಿನ ಪದಕ, ಪ್ರಶಸ್ತಿ, ಉಪನ್ಯಾಸಗಳ ಸಾಲಂತೂ ಇನ್ನೂ ಉದ್ದ.

ಮೊದಲೇ ಹೇಳಿಬಿಡುತ್ತೇವೆ, ರಾಮಣ್ಣನವರ ಮೇಲೆ ನಮಗೆ ಸಿಟ್ಟಿಲ್ಲ. ಅಣುವಿದಳನದ ಬಗ್ಗೆ ಕೆಲಸ ಮಾಡಿದವರು. 1974ರ ಮೇ 18ರ ಪೋಖ್ರಾನ್ ಸ್ಫೋಟದ ಹಿಂದೆ ಇದ್ದವರು. 1983ರಿಂದ 87ರವರೆಗೆ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದರು. 1990ರಲ್ಲಿ ರಕ್ಷಣಾ ಖಾತೆಯ ರಾಜ್ಯ ಸಚಿವರೂ ಆದರು. ಪಿಯಾನೊ ನುಡಿಸುತ್ತಿದ್ದರು, ರಾಗದ ಬಗ್ಗೆ ಪುಸ್ತಕ ಬರೆದರು. ಕನ್ನಡ ನಾಡಿನ ಒಬ್ಬ ಮನುಷ್ಯ ಇಷ್ಟು ದೊಡ್ಡವನಾದದ್ದು ನಮಗೂ ಹೆಮ್ಮೆಯೇ. ಬಾಂಬಿನ ವಿಚಾರಕ್ಕೆ ಬಂದರೆ ಜಗಳ ಬೇರೆ ಇದೆ, ಅದನ್ನ ಇನ್ನೊಂದು ಸಂಚಿಕೆಯಲ್ಲಿ ಆಡೋಣ. ಈಗ ನಾವು ಕೇಳುವುದು ಪ್ರಶಸ್ತಿಯ ಬಗ್ಗೆ, ಅದರ ಜತೆಗೆ ನಡೆಯುವ ಉಪನ್ಯಾಸದ ಬಗ್ಗೆ.

ಇಂಥದೊಂದು ಉಪನ್ಯಾಸಕ್ಕೆ ನಾವು ಹೋಗಿದ್ದೆವು. ಯಾವ ಊರು, ಯಾವ ಸಭಾಂಗಣ ಅನ್ನೋದು ಬೇಡ. ಹಳಿಯಾಳದ ಇಬ್ಬರು ಮಾಸ್ತರು, ಜೋಯಿಡಾದ ಒಬ್ಬ ಕುಣಬಿ ಹುಡುಗ, ಮುಂಡಗೋಡ ಕಡೆಯ ಒಬ್ಬ ಸಿದ್ದಿ ವಿದ್ಯಾರ್ಥಿ. ರಾತ್ರಿ ಬಸ್ಸಿನಲ್ಲಿ ಹೋಗಿ, ನಿಲ್ದಾಣದಲ್ಲೇ ಮುಖ ತೊಳೆದು, ಕೊನೆಯ ಸಾಲಿನಲ್ಲಿ ಕೂತೆವು. ಹಾರ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲಾ ಆಯ್ತು. ಬಿನ್ನವತ್ತಳೆ ಇಂಗ್ಲಿಷಿನಲ್ಲಿ. ಉಪನ್ಯಾಸವೂ ಇಂಗ್ಲಿಷಿನಲ್ಲಿ. ನಮಗೆ ಅರ್ಧ ತಿಳೀತು, ಅರ್ಧ ತಿಳೀಲಿಲ್ಲ. ತಿಳಿದ ಅರ್ಧ ಚೆನ್ನಾಗಿಯೇ ಇತ್ತು, ಸುಳ್ಳು ಹೇಳೋದಿಲ್ಲ. ಪ್ರಶ್ನೆ ಕೇಳಬಹುದು ಅಂದಾಗ ನಮ್ಮ ಸಿದ್ದಿ ಹುಡುಗ ಎದ್ದು ನಿಂತ. "ಸರ್, ಸ್ಥಾವರದ ಬಿಸಿನೀರು ಬೀಳೂ ಕಡೆ ಹಿಡದ ಮೀನ ತಿನ್ನಬಹುದೇನ್ರಿ?" ಅಂತ ಕೇಳಿದ.

ಸಭೆ ನಕ್ಕಿತು. ಕೆಟ್ಟದಾಗಿ ನಗಲಿಲ್ಲ, ಮಕ್ಕಳ ಮಾತಿಗೆ ನಗುತ್ತಾರಲ್ಲ, ಹಾಗೆ. ಇದು ಮೂಲವಿಜ್ಞಾನದ ಉಪನ್ಯಾಸ, ಈ ಪ್ರಶ್ನೆ ಇಲ್ಲಿ ಅಪ್ರಸ್ತುತ ಅಂದರು ವೇದಿಕೆಯ ಮೇಲಿನವರು. ಆಮೇಲೆ ಚಹಾ.

ಆ ಪ್ರಶ್ನೆ ಅಪ್ರಸ್ತುತವಾಗಿದ್ದರೆ ಪ್ರಸ್ತುತ ಯಾವುದು ಸ್ವಾಮಿ? ಕೈಗಾದ ರಿಯಾಕ್ಟರುಗಳು ಭಾರಜಲದಿಂದ ನಡೆಯುತ್ತವೆ. ಆ ಭಾರಜಲಕ್ಕೆ ನ್ಯೂಟ್ರಾನು ತಾಗಿ ತಾಗಿ ಟ್ರಿಟಿಯಂ ಹುಟ್ಟುತ್ತದೆ. ಟ್ರಿಟಿಯಂ ಅಂದರೆ ಜಲಜನಕದ್ದೇ ವಿಕಿರಣ ಸೂಸುವ ಒಡಹುಟ್ಟು. ಅದು ನೀರಿನ ಜತೆ ನೀರಾಗಿಯೇ ಇರುತ್ತದೆ. ಬಟ್ಟೆಯಲ್ಲಿ ಸೋಸಿದರೆ ಹೋಗೋದಿಲ್ಲ, ಕುದಿಸಿದರೂ ಹೋಗೋದಿಲ್ಲ. ಅರ್ಧ ಆಗಬೇಕಾದರೆ ಹನ್ನೆರಡು ವರ್ಷದ ಮೇಲೆ ಬೇಕು. ಮನುಷ್ಯನ ಮೈಯೊಳಗೆ ಹೋದರೆ ಹತ್ತು ದಿನದ ಸುಮಾರಿಗೆ ಅರ್ಧದಷ್ಟು ಮೂತ್ರ, ಬೆವರಿನಲ್ಲಿ ಹೊರಗೆ ಬೀಳುತ್ತದೆ. ಇಷ್ಟನ್ನು ಏಳನೇ ತರಗತಿಯ ಮಕ್ಕಳಿಗೆ ಕನ್ನಡದಲ್ಲಿ ಹೇಳಬಹುದು. ನಾವು ಹೇಳಿದ್ದೇವೆ.

ಇನ್ನು ಮೀನಿನ ಮಾತು. ಕೈಗಾ ಸ್ಥಾವರ ಕದ್ರಾ ಜಲಾಶಯದ ನೀರಿನಿಂದ ತಣ್ಣಗಾಗುತ್ತದೆ, ಬಿಸಿಯಾದ ನೀರು ಮತ್ತೆ ಜಲಾಶಯಕ್ಕೇ ಹೋಗುತ್ತದೆ. ಅಲ್ಲಿ ಪರಿಸರ ಸಮೀಕ್ಷಾ ಪ್ರಯೋಗಾಲಯ ಇದೆ. ಸುತ್ತಲಿನ ನೀರು, ಹಾಲು, ಮೀನು, ಬೆಳೆ ತಂದು ಅಳೆಯುತ್ತಾರೆ. ಅಳೆದ ಅಂಕಿ ಮಿತಿಗಿಂತ ಬಹಳ ಕಡಿಮೆ ಅನ್ನುತ್ತಾರೆ. ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಮಿತಿ. ಅಂಕಿ ಕಡಿಮೆಯೇ ಇದ್ದರೆ ನಮಗೂ ಸಂತೋಷವೇ. ಹಾಗಿದ್ದ ಮೇಲೆ ಆ ಹುಡುಗನಿಗೆ ಎರಡು ನಿಮಿಷ ಕೊಟ್ಟು, "ತಿನ್ನಪ್ಪಾ, ಇಗೋ ಇಷ್ಟಿದೆ, ಹೀಗೆ ಅಳೆದೆವು" ಅನ್ನೋದಕ್ಕೆ ಏನು ಅಡ್ಡಿ? ಪ್ರಚಾರದ ಪುಸ್ತಿಕೆ ಕನ್ನಡದಲ್ಲಿ ಬರುತ್ತದೆ, ಬಣ್ಣದ ಚಿತ್ರ ಇರುತ್ತದೆ. ಪುಸ್ತಿಕೆಗೆ ಪ್ರಶ್ನೆ ಕೇಳೋಕಾಗುತ್ತಾ?

ಅಗ್ರಹಾರದ ಬುದ್ಧಿ ಅಂದರೆ ಇದೇ. ವೇದ ಕೇಳಬಾರದು ಅಂತ ಕಿವಿಗೆ ಸೀಸ ಹೊಯ್ಯೋ ಮಾತಾಡಿದ್ದು ಹಳೇ ಕಾಲ. ಹೊಸ ಕಾಲದಲ್ಲಿ ಸೀಸ ಬೇಡ, ಇಂಗ್ಲಿಷು ಸಾಕು, "ಅಪ್ರಸ್ತುತ" ಅನ್ನೋ ಒಂದು ಪದ ಸಾಕು.

ವೇದಿಕೆಯ ಮೇಲೆ ಯಾರು ಕೂರುತ್ತಾರೆ ಅನ್ನೋದಕ್ಕೂ ಒಂದು ಚರಿತ್ರೆ ಇದೆ, ಗೆಳೆಯರೇ. 1975ರಲ್ಲಿ ಕೇಂದ್ರ ಸರ್ಕಾರ ಒಂದು ಆದೇಶ ಹೊರಡಿಸಿತು. ಸಂಶೋಧನೆ ನಡೆಸುವ ವೈಜ್ಞಾನಿಕ, ತಾಂತ್ರಿಕ ಹುದ್ದೆಗಳಲ್ಲಿ ಎ ಗುಂಪಿನ ತಳದರ್ಜೆಗಿಂತ ಮೇಲಿನವನ್ನು ಪರಿಶಿಷ್ಟರ ಮೀಸಲಾತಿಯಿಂದ ಹೊರಗಿಡಲು ಅದು ದಾರಿ ಮಾಡಿತು. ದೇಶಕ್ಕೆ ಪ್ರತಿಭೆ ಬೇಕು ಅಂದರು. ಪ್ರತಿಭೆ ನಮ್ಮ ಕೇರಿಯಲ್ಲಿ ಹುಟ್ಟೋದಿಲ್ಲ ಅಂತ ಯಾವ ಪ್ರಯೋಗಶಾಲೆಯಲ್ಲಿ ಕಂಡುಕೊಂಡರೋ! ಬಾಗಿಲಲ್ಲೇ ತಡೆದ ಮೇಲೆ ಮೆಟ್ಟಿಲು ಹತ್ತೋರು ಯಾರು, ಶಾಲು ಹೊದೆಯೋರು ಯಾರು? ಪ್ರಶಸ್ತಿ ಪಡೆದವರ ಪಟ್ಟಿ ತೆಗೆದುಕೊಂಡು ನೀವೇ ಕೂತು ನೋಡಿ. ಹೆಸರಿನ ಹಿಂದೆ ಮುಂದೆ ಏನಿದೆ ಅಂತ ನಾವು ಹೇಳಬೇಕಾಗಿಲ್ಲ.

ಸ್ಥಾವರದ ಒಳಗಿನ ಕೂಲಿಗೆ ಮಾತ್ರ ಈ ತಡೆ ಇಲ್ಲ. ಗುಡಿಯಲ್ಲಿ ಗರ್ಭಗುಡಿಗೆ ನಮ್ಮನ್ನ ಬಿಡೋದಿಲ್ಲ. ಅಣುಸ್ಥಾವರದ ಗರ್ಭಗುಡಿಗೆ ಒರೆಸೋಕೆ, ಬೆಸುಗೆ ಹಾಕೋಕೆ, ಪೈಪು ಬಿಚ್ಚೋಕೆ ಗುತ್ತಿಗೆ ಕೂಲಿ ಬೇಕು. ಹೋಗು ಒಳಗೆ, ಎದೆ ಮೇಲೆ ಬ್ಯಾಡ್ಜು ಹಾಕ್ಕೊಂಡು ಹೋಗು. ಆ ಬ್ಯಾಡ್ಜಿಗೆ ಟಿ.ಎಲ್.ಡಿ. ಅನ್ನುತ್ತಾರೆ. ಮೈಗೆ ಎಷ್ಟು ವಿಕಿರಣ ಬಿತ್ತು ಅನ್ನೋದನ್ನ ಅದು ಹಿಡಿದಿಟ್ಟುಕೊಳ್ಳುತ್ತದೆ. ವಿಕಿರಣದ ಕೆಲಸಗಾರನಿಗೆ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ದಾಟಬಾರದು, ಇದು ನಿಯಮ. ಹಳಿಯಾಳ ಕಡೆಯ ನಮ್ಮವನೇ ಒಬ್ಬ ಹೊರರಾಜ್ಯದ ಒಂದು ಸ್ಥಾವರಕ್ಕೆ ಗುತ್ತಿಗೆ ಕೂಲಿಯಾಗಿ ಹೋಗಿ ಬಂದ. "ಬ್ಯಾಡ್ಜಿನ ಲೆಕ್ಕ ಎಷ್ಟು ಬಂತೋ?" ಅಂತ ಕೇಳಿದೆವು. "ಯಾರಿಗ್ಗೊತ್ರೀ. ಮೇಸ್ತ್ರಿ ಇಸ್ಕೊಂಡ. ಕೇಳಿದ್ದಕ್ಕ ನಕ್ಕ," ಅಂದ. ತನ್ನ ಮೈಯ ಲೆಕ್ಕ ತನಗೇ ಗೊತ್ತಿಲ್ಲದೆ ಮನೆಗೆ ಬಂದಿದ್ದ. ಈಗ ಕಬ್ಬು ಕಡಿಯೋಕೆ ಹೋಗುತ್ತಾನೆ.

2009ರ ನವೆಂಬರ್‌ನಲ್ಲಿ ಕೈಗಾದಲ್ಲೇ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಬೆರೆತ ಭಾರಜಲ ಸೇರಿತ್ತು. 50ಕ್ಕೂ ಹೆಚ್ಚು ಕೆಲಸಗಾರರ ಮೂತ್ರದಲ್ಲಿ ಅದು ಕಂಡಿತು. ಒಳಗಿನವರೇ ಯಾರೋ ಮಾಡಿದ ಕಿಡಿಗೇಡಿತನ ಅಂದರು ಅಧಿಕಾರಿಗಳು. 2012ರ ಜೂನ್‌ನಲ್ಲಿ ರಾಜಸ್ಥಾನದ ರಾವತ್‌ಭಾಟಾದಲ್ಲಿ 38 ಕೆಲಸಗಾರರು ಟ್ರಿಟಿಯಂಗೆ ಸಿಕ್ಕರು. ಅದಕ್ಕೂ ಹಿಂದೆ, 1994ರ ಮೇ 13ರಂದು, ಕಟ್ಟುತ್ತಿದ್ದ ಕೈಗಾ ಒಂದನೇ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು, ಕೂಲಿಗಳು ಗಾಯಗೊಂಡರು. ಇಂಧನ ತುಂಬಿರಲಿಲ್ಲ, ಅದೊಂದು ಪುಣ್ಯ. ಗುಮ್ಮಟದ ಕೆಳಗೆ ನಿಂತಿದ್ದವರ ಹೆಸರು ಯಾವ ಬಿನ್ನವತ್ತಳೆಯಲ್ಲಿದೆ?

ನಮ್ಮನ್ನ ವಿಜ್ಞಾನದ ವೈರಿಗಳು ಅಂತ ಬರೆಯಬೇಡಿ. ಬಾಬಾಸಾಹೇಬರು 1942ರಿಂದ 46ರವರೆಗೆ ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡಾಗ ನೀರು, ವಿದ್ಯುತ್ತು ಅವರ ಕೈಯಲ್ಲೇ ಇತ್ತು. 1943ರಲ್ಲಿ ವಿದ್ಯುತ್ತಿನ ನೀತಿಯ ಸಭೆಯಲ್ಲಿ ಕೂತು, ಅಗ್ಗದ ಕರೆಂಟು ಸಮೃದ್ಧವಾಗಿ ಸಿಗದೆ ಕೈಗಾರಿಕೆ ಬೆಳೆಯೋದಿಲ್ಲ, ಕೈಗಾರಿಕೆ ಬೆಳೆಯದೆ ಬಡತನ ಹೋಗೋದಿಲ್ಲ ಅಂತ ವಾದಿಸಿದವರು ಅವರು. ಚಿಮಣಿ ಬುಡ್ಡಿಯ ಹೊಗೆ ಕುಡಿದು ಓದಿದವರು ನಾವು. ಕತ್ತಲೆ ಚೆಂದ ಅಂತ ಹಾಡೋ ಶೋಕಿ ನಮಗಿಲ್ಲ. ಕೈಗಾ ವಿರೋಧಿಸಿದ ದೊಡ್ಡವರಲ್ಲಿ ಶಿವರಾಮ ಕಾರಂತರನ್ನು ನಾವು ಗೌರವಿಸುತ್ತೇವೆ. ಆ ವಯಸ್ಸಿನಲ್ಲಿ 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ನಿಂತು ಸೋತರು. ಸೋತರೂ ಪ್ರಶ್ನೆ ಉಳಿಸಿದರು. ಆದರೆ ಆ ಹೋರಾಟದ ಭಾಷಣಗಳಲ್ಲಿ ಮರದ ಹೆಸರು ಬಂದಷ್ಟು ಸಲ ಮರದ ಕೆಳಗಿನ ಸಿದ್ದಿಯ ಹೆಸರು ಬರಲಿಲ್ಲ ಅನ್ನೋ ನೋವು ನಮಗಿದೆ. ಅಡಿಕೆ ತೋಟದ ಧಣಿಗೂ ಆ ತೋಟದ ಆಳಿಗೂ ಕಾಡು ಒಂದೇ ಅಲ್ಲ.

ಹೊಳೆಗುಂಟ ನಡೆದು ಬನ್ನಿ, ಯಾರು ಏನು ಕೊಟ್ಟರು ಕಾಣುತ್ತದೆ. ಜೋಯಿಡಾದಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು. ಸೂಪಾ ಅನ್ನೋ ಊರೇ ನೀರಿನ ತಳದಲ್ಲಿದೆ. ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಹೋಯ್ತು, ಜನ ರಾಮನಗರಕ್ಕೆ ಹೋದರು. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಅರವತ್ತು ವರ್ಷಕ್ಕೂ ಮೇಲೆ ಕಾಡನ್ನೂ ಹೊಳೆಯನ್ನೂ ಉಂಡಿದೆ. ಕೆಳಗೆ ಕೊಡಸಳ್ಳಿ, ಆಮೇಲೆ ಕದ್ರಾ, ಕೈಗಾ. ಮೇಲೆ ಸೂಪಾದಲ್ಲಿ ಹಿಡಿದ ನೀರೇ ಕೆಳಗೆ ಕದ್ರಾ ತುಂಬೋದು. ಅಂದರೆ ಕುಣಬಿಯ ಗದ್ದೆ ಮುಳುಗಿಸಿದ ನೀರೇ ರಿಯಾಕ್ಟರನ್ನು ತಣ್ಣಗಿಡೋದು. ಆ ಕುಣಬಿಗಳು ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂತ ವರ್ಷಗಟ್ಟಲೆ ಕೇಳುತ್ತಾ ಬಂದಿದ್ದಾರೆ. ಸಿದ್ದಿಗಳಿಗೆ ಅದು ಸಿಕ್ಕಿದ್ದು 2003ರಲ್ಲಿ. ಗೌಳಿದಡ್ಡಿಯವರ ಮಾತು ಕೇಳೋರೇ ಕಡಿಮೆ.

ನಾಲ್ಕು 220 ಮೆಗಾವಾಟಿನ ಘಟಕಗಳು ಈಗಿವೆ. ಮೊದಲೆರಡು ಕರೆಂಟು ಕೊಡಲು ಶುರು ಮಾಡಿದ್ದು 2000ದಲ್ಲಿ, ನಾಲ್ಕನೆಯದು 2011ರಲ್ಲಿ. 2018ರ ಡಿಸೆಂಬರ್ ನೆನಪಿದೆಯಾ? ಒಂದನೇ ಘಟಕ ನಿಲ್ಲದೆ 941 ದಿನ ನಡೆದು ಜಗತ್ತಿನ ದಾಖಲೆ ಮುರಿಯಿತು, 962 ದಿನಕ್ಕೆ ನಿಲ್ಲಿಸಿದರು. ಪತ್ರಿಕೆಯ ಮುಖಪುಟ, ಅಭಿನಂದನೆ, ಸಂಭ್ರಮ. ಅದೇ ಡಿಸೆಂಬರ್‌ನಲ್ಲೇ ಇನ್ನೆರಡು, ತಲಾ 700 ಮೆಗಾವಾಟಿನ ಘಟಕಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಜನ ಬೇಡ ಅಂದರು, ಕೂಗಾಡಿದರು, ಬರೆದು ಕೊಟ್ಟರು. 2019ರಲ್ಲಿ ಪರಿಸರ ಅನುಮತಿ ಸಿಕ್ಕಿತು. 941ರ ಲೆಕ್ಕ ಎಲ್ಲರ ಬಾಯಲ್ಲಿದೆ. ಅವತ್ತು ಎದ್ದು ನಿಂತು ಮಾತಾಡಿದವರು ಎಷ್ಟು ಜನ ಅನ್ನೋ ಲೆಕ್ಕ ಯಾರ ಬಾಯಲ್ಲೂ ಇಲ್ಲ.

ವಿಜ್ಞಾನಿಗಳು ಈ ಕಾಡಿನ ತಾಲ್ಲೂಕುಗಳಿಗೆ ಬರೋಕೆ ದಾರಿ ದೂರ ಅನ್ನೋ ಮಾತನ್ನೂ ಕೇಳಿದ್ದೇವೆ. ಮುಂಡಗೋಡಕ್ಕೆ ಬಂದಿದ್ದಾರಲ್ಲ! 2013ರ ಜನವರಿಯಲ್ಲಿ ಟಿಬೆಟನ್ ಕಾಲೊನಿಯ ಡ್ರೆಪುಂಗ್ ಮಠದಲ್ಲಿ ಹೊರದೇಶದ ಭೌತವಿಜ್ಞಾನಿಗಳು, ನರವಿಜ್ಞಾನಿಗಳು ದಲೈ ಲಾಮಾ ಮುಂದೆ, ಸಾವಿರಾರು ಭಿಕ್ಷುಗಳ ಮುಂದೆ ದಿನಗಟ್ಟಲೆ ಕೂತು ಮಾತಾಡಿದರು. ಕ್ವಾಂಟಮ್ ಭೌತವಿಜ್ಞಾನವನ್ನೂ ಟಿಬೆಟನ್ ಭಾಷೆಗೆ ತಂದು ಹೇಳಿದರು. ನೆಲ ಕಳೆದುಕೊಂಡು ಬಂದ ಆ ಜನರ ಮೇಲೆ ನಮಗೆ ಅಸೂಯೆ ಇಲ್ಲ. ಅವರು ಕೇಳಿದರು, ಅವರಿಗೆ ಸಿಕ್ಕಿತು. ಕನ್ನಡಕ್ಕೆ, ಕೊಂಕಣಿಗೆ ಮಾತ್ರ ಯಾಕೆ ಆಗೋದಿಲ್ಲ ಅಂತ ಕೇಳುತ್ತೇವೆ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ಯಾರು ಬೇಕಾದರೂ ಬಂದು ಕೂರುವ ಉಪನ್ಯಾಸ ನಡೆಸಿದರು. ಬಡವರ ಮನೆಯ ಮನುಷ್ಯ, ಗಾಂಧಿ ಟೋಪಿ. ಬಾಗಿಲು ತೆಗೆದಿಡೋದು ಅವರಿಗೆ ಗೊತ್ತಿತ್ತು.

ಅಣುವಿನ ಸುತ್ತ ಗೋಡೆ ಕಟ್ಟಿದ್ದು ಬರೀ ಕಾಂಕ್ರೀಟಿನಿಂದಲ್ಲ. 1962ರ ಅಣುಶಕ್ತಿ ಕಾಯ್ದೆ ದಶಕಗಳ ಕಾಲ ಮಾಹಿತಿಯನ್ನ ಗುಟ್ಟಾಗಿಡುವ ಅಧಿಕಾರವನ್ನ ಸರ್ಕಾರಕ್ಕೆ ಕೊಟ್ಟಿತ್ತು. ಬಾಂಬಿನ ಗುಟ್ಟು ಬೇಕಾದರೆ ಇಟ್ಟುಕೊಳ್ಳಿ. ಮೀನಿನ ಗುಟ್ಟು ಯಾಕೆ? ಕೂಲಿಯ ಬ್ಯಾಡ್ಜಿನ ಗುಟ್ಟು ಯಾಕೆ?

ಪ್ರಶಸ್ತಿ ಕೊಡುವವರಿಗೂ ಪಡೆಯುವವರಿಗೂ ನಾವು ಕೇಳೋದು ಇಷ್ಟು. ಅಣುವಿಜ್ಞಾನಿಯ ಹೆಸರಿನ ಉಪನ್ಯಾಸ ವರ್ಷಕ್ಕೊಂದು ಸಲವಾದರೂ ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದರಲ್ಲಿ ನಡೆಯಲಿ, ಕನ್ನಡದಲ್ಲಿ, ಕೊಂಕಣಿಯಲ್ಲಿ. ಅರ್ಧ ಹೊತ್ತು ನೀವು ಮಾತಾಡಿ, ಅರ್ಧ ಹೊತ್ತು ನಾವು ಕೇಳುತ್ತೇವೆ. ಕಾಳಿಯ ನೀರಿನದು, ಮೀನಿನದು ಅಳೆದ ಅಂಕಿಯನ್ನು ಪಂಚಾಯ್ತಿಯ ಗೋಡೆಗೆ ಅಂಟಿಸಿ, ಪಕ್ಕದಲ್ಲಿ ಮಿತಿ ಎಷ್ಟು ಅಂತಲೂ ಬರೆಯಿರಿ. ಗುತ್ತಿಗೆ ಕೂಲಿಯ ಕೈಗೆ ಅವನ ಡೋಸಿನ ಲೆಕ್ಕದ ಚೀಟಿ ಕೊಡಿ, ಕೂಲಿಯ ಚೀಟಿಯ ಜತೆಗೇ. ಬಿನ್ನವತ್ತಳೆ ಓದುವ ದಿನ ಆ ಕೂಲಿಯನ್ನೂ ವೇದಿಕೆಗೆ ಕರೆಯಿರಿ. ಶಾಲು ಬೇಡ, ಕುರ್ಚಿ ಸಾಕು.

ಶಾಲೆಗಳಲ್ಲಿರುವ ಗೆಳೆಯರು ಅಲ್ಲಿಯ ತನಕ ಸುಮ್ಮನೆ ಕೂರಬೇಕಾಗಿಲ್ಲ. ಟ್ರಿಟಿಯಂ, ಮಿಲಿಸೀವರ್ಟ್, ಟಿ.ಎಲ್.ಡಿ., ಈ ಮೂರು ಪದ ಮಕ್ಕಳಿಗೆ ಕಲಿಸಿ. ನಿಮ್ಮೂರಿಂದ ಸ್ಥಾವರಗಳಿಗೆ ಕೂಲಿಗೆ ಹೋದವರನ್ನು ಕೂರಿಸಿಕೊಂಡು ಎಲ್ಲಿ, ಎಷ್ಟು ದಿನ, ಏನು ಕೆಲಸ ಅಂತ ಬರೆದುಕೊಳ್ಳಿ. ಬ್ಯಾಡ್ಜಿನ ನಂಬರು ನೆನಪಿದ್ದರೆ ಅದನ್ನೂ ಬರೆದುಕೊಳ್ಳಿ.

ಉಪನ್ಯಾಸಕ್ಕೆ ಬರುವ ವಿಜ್ಞಾನಿಗಳಿಗೆ ಹಳಿಯಾಳದ ಬಸ್ ನಿಲ್ದಾಣದಿಂದ ಮುಂದಿನ ಜವಾಬ್ದಾರಿ ನಮ್ಮದು. ಶಾಲೆಯ ಅಂಗಳ ಇದೆ, ಮೈಕು ತರುತ್ತೇವೆ, ರೊಟ್ಟಿ ಊಟ ಇದೆ. ನಮ್ಮ ಮುಂಡಗೋಡದ ಹುಡುಗ ಮೊದಲ ಸಾಲಿನಲ್ಲಿ ಕೂತಿರುತ್ತಾನೆ. ಮೊದಲ ಪ್ರಶ್ನೆ ಅವನದು, ಮೀನಿನದು.